ಜಲಪಾತದ ಹಿಂದಿನ ಅಳಿಯ

ಮನೆಗೆ ಹೊಂದಿಕೊಂಡ ಫೋಟೋ ಫ್ರೇಮಿನ ಅಂಗಡಿಯ ಷಟರು ಅರ್ಧ ಮೇಲೇರುವಷ್ಟರಲ್ಲೇ ಬೇಕರಿಯವರು ಬಂದು ನಿಂತಿದ್ದರು. ಕಂಕುಳಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಚೌಕಾಕಾರದ ಗಂಟು. ಅದರೊಳಗೆ ಏನಿದೆ ಎಂದು ಫ್ರೇಮಕ್ಕನಿಗೆ ಯಾರೂ ಬಿಚ್ಚಿ ತೋರಿಸಬೇಕಾಗಿರಲಿಲ್ಲ. ಈ ವಾರವೆಲ್ಲ ಅವಳ ಅಂಗಡಿಗೆ ಬಂದದ್ದು ಅದೊಂದೇ.

“ಅಕ್ಕಾ, ಇದನ್ನ ಸ್ವಲ್ಪ ಬದಲಾಯಿಸಿ ಕೊಡ್ಬೇಕಿತ್ತು.”

“ಫ್ರೇಮಾ, ಗಾಜಾ?”

“ಫ್ರೇಮು ಚೆನ್ನಾಗೇ ಇದೆ. ಗಾಜೂ ಗಟ್ಟಿಯಾಗಿದೆ. ಒಳಗಡೆ ಇರೋದು...” ಬೇಕರಿಯವರು ರಸ್ತೆಯ ಆ ತುದಿ ಈ ತುದಿ ನೋಡಿ ದನಿ ತಗ್ಗಿಸಿದರು. “ಒಳಗಡೆ ಇರೋದನ್ನ.”

ಒಳಗಡೆ ಇದ್ದದ್ದು ಅಳಿಯ. ಟೀವಿಯಲ್ಲಿ ವರ್ಷಾನುಗಟ್ಟಲೆ ಓಡಿದ ಧಾರಾವಾಹಿಯ ಅಳಿಯ. ಅತ್ತೆಯ ಮಾತ್ರೆಯ ಹೊತ್ತು ಮರೆಯದವನು, ಮಾವನಿಗೆ ಎದುರು ಮಾತಾಡದವನು, ಹೆಂಡತಿ ಮುಖ ಊದಿಸಿಕೊಂಡರೆ ತೋಳು ಮಡಿಚಿ ತಾನೇ ಪಾತ್ರೆ ತೊಳೆಯುವವನು. ಅಂಥ ಅಳಿಯ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ ಎಂದು ಗೊತ್ತಿದ್ದುದರಿಂದಲೇ ಜನ ಅವನ ಫೋಟೋ ತಂದು ಗೋಡೆಗೆ ಹಾಕಿಕೊಂಡಿದ್ದರು. ಈ ಬೀದಿಯಲ್ಲಂತೂ ಕೇಳುವುದೇ ಬೇಡ. ಅಳಿಯನ ಪಾತ್ರ ಮಾಡಿದ್ದು ಫ್ರೇಮಕ್ಕನ ಒಡಹುಟ್ಟು, ಪುಟ್ಟು. ಫೋಟೋ ಅವಳ ಹತ್ತಿರವೇ, ಫ್ರೇಮು ಅವಳ ಹತ್ತಿರವೇ, ಬೇಕೆಂದವರಿಗೆ ಅಳಿಯನ ರುಜುವೂ ಅವಳ ಮೂಲಕವೇ. ಅಂಗಡಿಯ ಮುಂದಿನ ಕಿಟಕಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಳಿಯ, ಕೈಕಟ್ಟಿ, ತುಟಿಯ ಒಂದೇ ಮೂಲೆಯಲ್ಲಿ ನಗುತ್ತ ನಿಂತಿದ್ದ.

ಹೋದ ವಾರ ಆ ಅಳಿಯ ಅದೇ ಟೀವಿಯಲ್ಲಿ ಕುಳಿತು, ತಾನು ಹೆಣ್ಣು, ಬುದ್ಧಿ ಬಂದಾಗಿನಿಂದಲೂ ಹೆಣ್ಣೇ, ಚಿಕಿತ್ಸೆಯೂ ಆಗಿದೆ, ಇನ್ನು ಮುಂದೆ ಹೀಗೇ ಇರುತ್ತೇನೆ ಎಂದು ಸಮಾಧಾನವಾಗಿ ಹೇಳಿದಳು. ಹೇಳಿ, ಒಂದು ಲೋಟ ನೀರು ಕುಡಿದಳು. ಅವಳ ಗಂಟಲಲ್ಲಿ ಸಲೀಸಾಗಿ ಇಳಿದ ನೀರು ಊರಿನವರ ಗಂಟಲಲ್ಲಿ ಸಿಕ್ಕಿಕೊಂಡಿತು.

ಫ್ರೇಮಕ್ಕನಿಗೆ ಅದು ಹೊಸ ಸುದ್ದಿಯೇನೂ ಅಲ್ಲ. ಪುಟ್ಟು ಅವಳಿಗೆ ಬಹಳ ಮೊದಲೇ ಹೇಳಿದ್ದಳು. ಆಗ ಫ್ರೇಮಕ್ಕ ಅತ್ತಳು, ಬೈದಳು, ಕೆಲವು ದಿನ ಮಾತು ಬಿಟ್ಟಳು. ಆಮೇಲೆ ಒಂದು ಮಧ್ಯಾಹ್ನ ತಡೆಯಲಾರದೆ ತಾನೇ ಫೋನು ಮಾಡಿ “ಊಟ ಆಯ್ತಾ?” ಎಂದಳು. ಅಲ್ಲಿಗೆ ಮುಗಿದಿತ್ತು. ಪುಟ್ಟು ಅನ್ನುವ ಹೆಸರನ್ನೂ ಬದಲಿಸಬೇಕಾಗಿ ಬರಲಿಲ್ಲ. ತೊಟ್ಟಿಲಲ್ಲಿದ್ದಾಗ ಇಟ್ಟ ಆ ಒಂದು ಹೆಸರು ಆಗಲೂ ಸರಿಹೊಂದುತ್ತಿತ್ತು, ಈಗಲೂ ಹೊಂದಿತು.

“ನನಗೇನೂ ಇಲ್ಲಾಕ್ಕ,” ಎಂದರು ಬೇಕರಿಯವರು.

ಫ್ರೇಮಕ್ಕ ಹಲ್ಲು ಕಚ್ಚಿದಳು. ಬಂದವರೆಲ್ಲ ಹೀಗೇ ಶುರು ಮಾಡುತ್ತಿದ್ದರು. ತನಗೇನೂ ಇಲ್ಲ ಎಂದವರು ತಮಗೆ ಏನೇನಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅಂಗಡಿಯ ಅರ್ಧ ಕೆಲಸ ನಿಂತುಹೋಗುತ್ತಿತ್ತು.

“ನಾನು ಅಂಥವನಲ್ಲ. ಆದ್ರೆ ನೋಡಿ, ಕೇಕ್ ತಗೊಳ್ಳೋಕೆ ಬಂದವರು ಗಲ್ಲಾದ ಮೇಲೆ ಆ ಫೋಟೋ ನೋಡಿ ಮಾತು ಶುರು ಹಚ್ಕೋತಾರೆ. ಒಬ್ರು ಅಯ್ಯೋ ಅಂತಾರೆ, ಇನ್ನೊಬ್ರು ಶಭಾಷ್ ಅಂತಾರೆ, ಇಬ್ಬರೂ ಜಗಳಕ್ಕೆ ಬಿದ್ದು ಕೇಕ್ ಮರೆತು ಹೋಗ್ತಾರೆ. ನಂಗ್ಯಾಕೆ ಬೇಕು?”

“ಏನು ಹಾಕ್ಲಿ?”

“ಜಲಪಾತ ಇದ್ಯಾ?”

ಇತ್ತು. ವರ್ಷಗಟ್ಟಲೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಜಲಪಾತಗಳಿಗೆ ಈ ವಾರ ಎಲ್ಲಿಲ್ಲದ ಕಾಲ ಬಂದಿತ್ತು. ಓಡುವ ಕುದುರೆಗಳು ಖಾಲಿ, ಬುಟ್ಟಿಯಲ್ಲಿ ಕುಳಿತ ಬೆಕ್ಕಿನ ಮರಿ ಖಾಲಿ.

“ಭಾನುವಾರ ಬಂದು ತಗೊಂಡು ಹೋಗಿ,” ಎಂದು ಅವಳು ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಬೇಕರಿಯವರು ಹೋದ ಮೇಲೆ ಇಕ್ಕಳದಿಂದ ಮೊಳೆಗಳನ್ನು ಕಿತ್ತು, ಹಿಂದಿನ ಹಲಗೆ ಎತ್ತಿದಳು. ಈ ಅಂಗಡಿಯಲ್ಲಿ ಅಪ್ಪ ಹಾಕಿಕೊಟ್ಟ ಒಂದು ಕ್ರಮವಿತ್ತು. ಚಿತ್ರ ಬದಲಿಸುವಾಗ ಹಳೆಯದನ್ನು ಹೊರಗೆ ತೆಗೆಯುವುದಿಲ್ಲ. ಹೊಸದನ್ನು ಗಾಜಿಗೆ ತಾಗಿಸಿ ಇಟ್ಟು, ಹಳೆಯದನ್ನು ಅದರ ಬೆನ್ನಿಗೆ ಹಾಗೇ ಬಿಟ್ಟು, ಹಲಗೆ ಮುಚ್ಚಿ ಮೊಳೆ ಹೊಡೆಯುವುದು. ದಪ್ಪ ಕಾಗದ ಒಂದು ಪದರ ಹೆಚ್ಚಿದ್ದರೆ ಗೋಡೆಯ ತೇವ ಹೊಸ ಚಿತ್ರಕ್ಕೆ ಏರುವುದಿಲ್ಲ. ಅಪ್ಪ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದ. ಜನರ ಮನಸ್ಸು, ನಾಳೆ ಹಳೆಯದೇ ಬೇಕು ಅಂದರೆ ಅಲ್ಲೇ ಇರುತ್ತದಲ್ಲ.

ಈ ಕ್ರಮ ಫ್ರೇಮಕ್ಕನಿಗೆ ಎಂದೂ ಇಷ್ಟು ರುಚಿಸಿರಲಿಲ್ಲ. ಜಲಪಾತವನ್ನು ಅಳಿಯನ ಮುಖದ ಮೇಲೆ ಹಾಸುವಾಗ ಅವಳಿಗೆ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಹಾಕಿಕೊಳ್ಳಿ ನಿಮ್ಮ ನೀರು, ನಿಮ್ಮ ಕುದುರೆ, ನಿಮ್ಮ ಬೆಕ್ಕು. ನನ್ನ ಪುಟ್ಟು ನಿಮ್ಮ ಗೋಡೆ ಬಿಟ್ಟು ಎಲ್ಲೂ ಹೋಗಿಲ್ಲ. ಯಾರಿಗೂ ಗೊತ್ತಿಲ್ಲದ ಈ ಸೇಡು ಅವಳನ್ನು ವಾರವೆಲ್ಲ ನಿಲ್ಲಿಸಿಕೊಂಡು ಬಂದಿತ್ತು.

ಆದರೆ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಇನ್ನೊಂದು ಫೋಟೋ ಬಿದ್ದಿತ್ತು. ಅದರ ನೆನಪಾದಾಗಲೆಲ್ಲ ಅವಳು ಡ್ರಾಯರನ್ನು ಮೊಣಕಾಲಿನಿಂದ ಇನ್ನಷ್ಟು ಒಳಗೆ ತಳ್ಳುತ್ತಿದ್ದಳು.

ತನ್ನ ಈಗಿನ ಆ ಫೋಟೋ ಕಳಿಸಿ ಪುಟ್ಟು ಫೋನು ಮಾಡಿದ್ದಳು. “ಭಾನುವಾರ ಬರ್ತೀನಿ ಅಕ್ಕಾ. ಕಿಟಕೀಲಿ ಅವನನ್ನ ತೆಗೆದು ಇದನ್ನ ಹಾಕಿರು. ಅದು ಕಂಡ್ರೆ ಇಳೀತೀನಿ. ಕಾಣದಿದ್ರೆ ಕಾರು ನಿಲ್ಸಲ್ಲ.”

“ಇದೇನೇ, ನಂಗೂ ಷರತ್ತಾ?”

“ಸಿಟ್ಟಿಂದ ಹೇಳ್ತಿಲ್ಲ ಕಣೇ. ಹೋದಲ್ಲೆಲ್ಲ ಬಾಗಿಲಲ್ಲಿ ನಿಂತು ಜನರ ಮುಖ ನೋಡ್ತೀನಿ, ಒಳಗೆ ಹೋಗ್ಲೋ ಬೇಡ್ವೋ ಅಂತ. ಬ್ಯಾಂಕಲ್ಲಿ ಹಾಗೆ, ಆಸ್ಪತ್ರೇಲಿ ಹಾಗೆ. ನಿನ್ನ ಬಾಗಿಲಲ್ಲೂ ನಿಂತು ಯೋಚಿಸೋಕೆ ನನ್ ಕೈಲಾಗಲ್ಲ. ದೂರದಿಂದ್ಲೇ ಗೊತ್ತಾಗ್ಬೇಕು ನಂಗೆ.”

“ಹಾಕ್ತೀನಿ ಬಾರೇ. ಅದೇನು ದೊಡ್ಡ ವಿಷ್ಯಾನಾ?”

ದೊಡ್ಡ ವಿಷಯವೇ ಆಗಿತ್ತು. ಆ ಫೋನು ಬಂದ ಮಾರನೆಯ ಬೆಳಿಗ್ಗೆ ಯಾರೋ ಪುಣ್ಯಾತ್ಮರು ಕಿಟಕಿಯ ಗಾಜಿನ ಮೇಲೆ, ಸರಿಯಾಗಿ ಅಳಿಯನ ತುಟಿ ಬರುವಲ್ಲಿ, ಕೆಂಪು ಪೇಂಟು ಬಳಿದುಹೋಗಿದ್ದರು. ಫ್ರೇಮಕ್ಕ ಬ್ಲೇಡು ಹಿಡಿದು ಕೆರೆದಳು. ಕೆರೆಯುವಾಗ ಎದುರಿನ ಚಹಾ ಅಂಗಡಿಯ ಬೆಂಚಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಅವಳು ತಿರುಗಿ ನೋಡಿದಾಗ ಎಲ್ಲರೂ ಅವರವರ ಲೋಟದಲ್ಲಿ ಮುಖ ಮುಳುಗಿಸಿದ್ದರು. ಹಳೆಯ ಫೋಟೋಗೇ ಹೀಗೆ ಮಾಡುವವರು ಹೊಸದಕ್ಕೆ ಏನು ಮಾಡಿಯಾರು? ಆ ಮುಖದ ಮೇಲೆ ಬಳಿದದ್ದನ್ನು ಬ್ಲೇಡಿನಿಂದ ಕೆರೆಯುವ ಶಕ್ತಿ ತನಗಿದೆಯೇ? ಇವತ್ತು ಬೇಡ, ನಾಳೆ ಹಾಕೋಣ ಎಂದುಕೊಂಡಳು. ನಾಳೆ ಬಂದಾಗ ಅದಕ್ಕೊಂದು ನಾಳೆ ಇತ್ತು.

ನಡುವೆ ಸೋದರತ್ತೆಯ ಫೋನು ಬೇರೆ, ದಿನ ತಪ್ಪದೆ.

“ನಿಮ್ಮಪ್ಪ ಇದ್ದಿದ್ರೆ ಏನನ್ನುತ್ತಿದ್ದನೋ!”

“ಅಪ್ಪ ಇದ್ದಿದ್ರೆ ನಿಮ್ಮ ಫೋನ್ ಎತ್ತುತ್ತಾ ಇರ್ಲಿಲ್ಲ ಅತ್ತೆ,” ಎಂದು ಫ್ರೇಮಕ್ಕ ಇಟ್ಟುಬಿಡುತ್ತಿದ್ದಳು.

ಶನಿವಾರ ಟೀಚರ್ ಬಂದರು. ಅಕ್ಕತಂಗಿ ಇಬ್ಬರಿಗೂ ಲೆಕ್ಕ ಕಲಿಸಿದವರು, ಈಗ ಕೋಲೂರಿ ನಡೆಯುವವರು. ಸ್ಟೂಲಿನ ಮೇಲೆ ಕುಳಿತು ಫ್ರೇಮಕ್ಕನ ಎರಡೂ ಕೈ ಹಿಡಿದುಕೊಂಡರು.

“ಧೈರ್ಯ ತಂದ್ಕೋ ಮಗಳೇ.”

“ಯಾರೂ ಸತ್ತಿಲ್ಲ ಟೀಚರ್.”

“ಹಾಗಲ್ಲ...”

“ಮತ್ತೆ ಹೇಗೆ? ಬಂದವರೆಲ್ಲ ನನ್ನ ಕೈ ಹಿಡ್ಕೊಂಡು ನಿಟ್ಟುಸಿರು ಬಿಡ್ತಾರೆ. ನನ್ನ ತಂಗಿ ಚೆನ್ನಾಗಿದಾಳೆ, ಗಟ್ಟಿಯಾಗಿದಾಳೆ, ನಾಳೆ ಊಟಕ್ಕೆ ಬರ್ತಿದಾಳೆ. ಇದಕ್ಕೆ ನಾನ್ಯಾಕೆ ಧೈರ್ಯ ತಂದ್ಕೋಬೇಕು?”

ಟೀಚರ್ ಕೈ ಬಿಟ್ಟರು. ಕೋಲನ್ನು ಮಡಿಲಿಗೆ ಎಳೆದುಕೊಂಡರು. “ನಮ್ಮನೆಯವರು ಕೊನೇ ದಿನಗಳಲ್ಲಿ ಬಾಯೇ ತೆರೀತಿರ್ಲಿಲ್ಲ, ನಿನಗೆ ಗೊತ್ತಲ್ಲ. ಟೀವೀಲಿ ಅಳಿಯ ಬಂದಾಗ ಮಾತ್ರ ನಗ್ತಿದ್ರು. ನಾನು ಚಮಚ ಹಿಡ್ಕೊಂಡು ಕಾಯ್ತಿದ್ದೆ. ಅವರು ನಕ್ಕ ಕೂಡ್ಲೇ ಬಾಯಿಗೆ ಊಟ ಇಡ್ತಿದ್ದೆ. ಈಗ ಅದೆಲ್ಲ ಸುಳ್ಳು ಅಂತ ಆಯ್ತಾ?”

ಫ್ರೇಮಕ್ಕನಿಗೆ ವಾರದಿಂದ ಕೇಳಿದ ಪ್ರಶ್ನೆಗಳಲ್ಲಿ ಇದೊಂದೇ ನಿಜವಾದ ಪ್ರಶ್ನೆ ಅನ್ನಿಸಿತು.

“ಅವರ ಹೊಟ್ಟೆಗೆ ಹೋದ ಊಟ ಸುಳ್ಳಾ ಟೀಚರ್?”

“ಅದು ಹೇಗೆ ಸುಳ್ಳಾಗುತ್ತೆ?”

“ಮತ್ತೆ ನಗಿಸಿದವಳು ಇವಳೇ.”

ಟೀಚರ್ ತಲೆದೂಗಿದರೋ, ಸುಮ್ಮನೆ ತಲೆ ನಡುಗಿತೋ ತಿಳಿಯಲಿಲ್ಲ. ಏಳುವಾಗ, “ನಾನು ಫೋಟೋ ತಂದಿಲ್ಲ. ತರ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ,” ಎಂದು ಹೇಳಿ ಹೋದರು.

ಅವರ ಹಿಂದೆಯೇ ಬಂದದ್ದು ಫೋನಿನಲ್ಲಿ ವೀಡಿಯೋ ಮಾಡಿ ಹಾಕುವ ಒಬ್ಬ ಹುಡುಗಿ. ಅವಳ ಹೆಸರು ಫ್ರೇಮಕ್ಕ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಾಗಿಲಲ್ಲೇ ಫೋನು ಎತ್ತಿ ಹಿಡಿದು ಶೂಟಿಂಗ್ ಶುರು ಮಾಡಿದ್ದಳು.

“ನೀವು ಇಡೀ ಸಮಾಜಕ್ಕೇ ಸ್ಫೂರ್ತಿ ಮೇಡಂ. ಮೊದಲ ಸಲ ವಿಷಯ ಗೊತ್ತಾದಾಗ ನಿಮ್ಮ ಎದೆಯಲ್ಲಿ ಏನಾಯ್ತು, ಒಂದೇ ಮಾತಲ್ಲಿ ಹೇಳಿ.”

“ಎದೆಯಲ್ಲೇನೂ ಆಗ್ಲಿಲ್ಲ. ಒಲೆ ಮೇಲೆ ಹಾಲು ಉಕ್ಕಿತು.”

“ಅದ್ಭುತ! ಇನ್ನೊಂದ್ಸಲ ಹೇಳ್ತೀರಾ, ಸ್ವಲ್ಪ ಈ ಕಡೆ ತಿರುಗಿ?”

ಫ್ರೇಮಕ್ಕನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅಯ್ಯೋ ಎನ್ನುವವರನ್ನಾದರೂ ಬೈದು ಕಳಿಸಬಹುದು, ಹೊಗಳುವವರನ್ನು ಏನು ಮಾಡುವುದು? ಇವರಿಗೆಲ್ಲ ಪುಟ್ಟು ಒಂದೋ ಪಾಪ, ಇಲ್ಲವೋ ಪವಾಡ. ಮನುಷ್ಯಳು ಅಂತ ಅಂದುಕೊಳ್ಳುವವರು ಒಬ್ಬರಾದರೂ ಇದ್ದಾರೆಯೇ? ಸುಮ್ಮನೆ ಬಂದು, ಇವತ್ತೇನು ಸೆಕೆ ಅಂತ ಮಾತಾಡಿ ಹೋಗುವವರು?

ಅಷ್ಟರಲ್ಲಿ ಹುಡುಗಿ ಫೋನು ಕಿಟಕಿಯ ಕಡೆ ತಿರುಗಿಸಿದಳು. “ಮೇಡಂ, ಇಲ್ಲಿನ್ನೂ ಹಳೇ ಫೋಟೋನೇ ಇದೆಯಲ್ಲಾ. ಯಾಕೆ?”

ಫ್ರೇಮಕ್ಕನ ಪಿತ್ತ ನೆತ್ತಿಗೇರಿತು. “ನಡೀಯಮ್ಮ ಹೊರಗೆ! ಕೆಲಸಕ್ಕೆ ಬಂದಿದೀಯಾ, ವಿಚಾರಣೆಗೆ ಬಂದಿದೀಯಾ?” ಎಂದು ಕೂಗಾಡಿ, ಕೈಗೆ ಸಿಕ್ಕ ಬ್ರಷ್ಷು ಝಳಪಿಸಿ ಅವಳನ್ನು ಹೊರಗಟ್ಟಿದಳು. ವಾರವೆಲ್ಲ ಯಾರ ಮೇಲೂ ಬಾರದಷ್ಟು ಸಿಟ್ಟು ಆ ಹುಡುಗಿಯ ಮೇಲೆ ಬಂತು. ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಬಂತು.

ಸಂಜೆ ಅವಳು ಕಿಟಕಿಯ ಫ್ರೇಮನ್ನು ಇಳಿಸಿದಳು. ಡ್ರಾಯರಿನಿಂದ ಹೊಸ ಫೋಟೋ ತೆಗೆದು ಬೆಳಕಿಗೆ ಹಿಡಿದಳು. ಸಾದಾ ನೀಲಿ ಅಂಗಿ, ಭುಜ ಮುಟ್ಟುವ ಕೂದಲು, ಕಿವಿಯಲ್ಲಿ ಅಮ್ಮನ ಓಲೆ. ಅಳಿಯನ ಒಂದೇ ಮೂಲೆಯ ನಗು ನಿರ್ದೇಶಕ ಹೇಳಿಕೊಟ್ಟ ನಗು. ಇದು ಅದಲ್ಲ. ಸಕ್ಕರೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದಾಗ ಪುಟ್ಟು ನಗುತ್ತಿದ್ದ ಸೊಟ್ಟ ಹಲ್ಲಿನ ನಗು. ಫ್ರೇಮಕ್ಕ ಎಷ್ಟೋ ವರ್ಷಗಳಿಂದ ಈ ನಗುವನ್ನು ಕಂಡಿರಲಿಲ್ಲ. ಅವಳ ಕಣ್ಣು ತುಂಬಿತು. ಎಂಥ ಚೆಂದ ಇದ್ದಾಳೆ ನನ್ನ ತಂಗಿ ಎಂದು ಅವಳಿಗೆ ಹೆಮ್ಮೆಯಾಯಿತು.

ಎದುರಿನ ಬೆಂಚಿನಲ್ಲಿ ಯಾರೋ ಮತ್ತೆ ಕಿಸಕ್ಕೆಂದರು. ಏನಕ್ಕೆ ನಕ್ಕರೋ, ಅವರವರ ಮನೆಯ ವಿಷಯಕ್ಕೇ ಇದ್ದೀತು. ಆದರೂ ಅವಳ ಕೈ ನಿಂತಿತು.

ಆಮೇಲೆ ಅವಳು ಮಾಡಿದ್ದು ಫ್ರೇಮು ಹಾಕುವವರಿಗೆ ಮಾತ್ರ ಹೊಳೆಯುವ ಕೆಲಸ. ಹೊಸ ಫೋಟೋವನ್ನು ಅಳಿಯನ ಬೆನ್ನಿಗಿಟ್ಟು, ಸುಕ್ಕಾಗದಂತೆ ಅಂಗೈಯಲ್ಲಿ ಸವರಿ, ಹಲಗೆ ಮುಚ್ಚಿ ಮೊಳೆ ಹೊಡೆದು, ಫ್ರೇಮನ್ನು ಮತ್ತೆ ಕಿಟಕಿಯಲ್ಲಿ ನಿಲ್ಲಿಸಿದಳು. ಕಿಟಕಿಯಲ್ಲಿ ಹಾಕು ಎಂದಳು, ಕಿಟಕಿಯಲ್ಲೇ ಇದೆಯಲ್ಲ. ಪೇಂಟು ಬಳಿಯುವವರ ಕೈಗೂ ಸಿಗುವುದಿಲ್ಲ. ಗದ್ದಲ ತಣ್ಣಗಾದ ಮೇಲೆ ಮುಂದಕ್ಕೆ ತಂದರಾಯಿತು. ಪುಟ್ಟು ಬಂದ ಕೂಡಲೇ ತಾನೇ ಬಾಗಿಲಲ್ಲಿ ನಿಂತು ಕೈ ಬೀಸಿ, ಒಳಗೆ ಕರೆದು, ತಿಳಿಸಿ ಹೇಳಿದರೆ ಅವಳಿಗೇ ನಗು ಬಂದೀತು. ಹೀಗೆ ತನ್ನನ್ನು ತಾನೇ ಒಪ್ಪಿಸಿಕೊಂಡು ಅವಳು ಷಟರು ಎಳೆದಳು.

ಭಾನುವಾರ ಬೇಕರಿಯವರು ಜಲಪಾತಕ್ಕೆ ಬಂದು ನಿಂತಿದ್ದರು. ಟೀಚರ್ ಕೂಡ ಬಂದಿದ್ದರು, ಕೈಯಲ್ಲಿ ಏನೂ ಇರಲಿಲ್ಲ, ನೋಡಿ ಹೋಗೋಣ ಅಂತ ಬಂದೆ ಎಂದರು. ಫ್ರೇಮಕ್ಕ ಜಲಪಾತದ ಕೊನೆಯ ಮೊಳೆ ಬಿಗಿ ಮಾಡಿ, ಇಕ್ಕಳ ಹಿಡಿದುಕೊಂಡೇ ಬಾಗಿಲಿಗೆ ಓಡಿದಳು. ಬೂದು ಬಣ್ಣದ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿತು.

ಕಾರು ಅಂಗಡಿಯ ಮುಂದೆ ನಿಧಾನವಾಯಿತು. ಫ್ರೇಮಕ್ಕ ಕೈ ಬೀಸಿದಳು. ಪುಟ್ಟು ಅವಳನ್ನು ನೋಡಲೇ ಇಲ್ಲ. ಕಿಟಕಿಯನ್ನು ನೋಡಿದಳು. ಕೈಕಟ್ಟಿ ನಿಂತ ಅಳಿಯನನ್ನು ನೋಡಿದಳು. ಕಾರು ನಿಲ್ಲದೆ ಮುಂದಕ್ಕೆ ಹೋಯಿತು.

“ಪುಟ್ಟೂ!”

ಫ್ರೇಮಕ್ಕ ಚಪ್ಪಲಿ ಮರೆತು ಓಡಿದಳು. ಬೆಂಚಿನವರು ಲೋಟ ಹಿಡಿದು ಎದ್ದು ನಿಂತರು. ಬೇಕರಿಯ ಮುಂದೆ ಕಾರನ್ನು ಹಿಡಿದು, ಅದರ ಬೆನ್ನಿಗೆ ಅಂಗೈಯಿಂದ ಧಬಧಬ ಬಡಿದಳು. ಕಾರು ನಿಂತಿತು. ಗಾಜು ಇಳಿಯಿತು.

“ಹಾಕಿದೀನಿ ಕಣೇ!” ಅವಳಿಗೆ ಉಸಿರು ಸಿಗುತ್ತಿರಲಿಲ್ಲ. “ಅಲ್ಲೇ ಇದೆ, ಕಿಟಕೀಲೇ ಇದೆ. ಅವನ ಹಿಂದೆ ಇದೆ. ಅಪ್ಪ ಹೇಳಿಕೊಟ್ಟ ಹಾಗೆ. ಭದ್ರವಾಗಿದೆ, ಯಾರೂ ಮುಟ್ಟೋಕಾಗಲ್ಲ.”

“ಹಿಂದೇನಾ?”

“ಹ್ಞೂಂ, ಹಿಂದೆ.”

ಪುಟ್ಟು ಸ್ಟಿಯರಿಂಗಿನ ಮೇಲಿನ ತನ್ನ ಕೈಗಳನ್ನು ನೋಡಿಕೊಂಡಳು. ಸಿಟ್ಟಾಗಲಿಲ್ಲ. ದಣಿದಿದ್ದಳು. “ಅಕ್ಕಾ, ನಾನು ಹುಟ್ಟಿದಾಗಿಂದ ಅಲ್ಲೇ ಇದ್ದೆ ಕಣೇ. ಅವನ ಹಿಂದೆ, ಭದ್ರವಾಗಿ.”

ಒಂದು ವಾರ ಫ್ರೇಮಕ್ಕ ಬಾಯಲ್ಲೋ ಮನಸ್ಸಿನಲ್ಲೋ ಊರಿಗೆಲ್ಲ ಬೈದಿದ್ದಳು. ಬೇಕರಿಯವರಿಗೆ ಬೈದಳು, ಅತ್ತೆಗೆ ಬೈದಳು, ಬೆಂಚಿನವರಿಗೆ, ಫೋನಿನ ಹುಡುಗಿಗೆ. ಅವರು ಯಾರೂ ಮಾಡದ್ದನ್ನು ತಾನು ಮಾಡಿದ್ದಳು. ಆ ಚೆಂದದ ಮುಖವನ್ನು ಕೈಯಲ್ಲಿ ಹಿಡಿದು, ನೋಡಿ, ಕಣ್ಣು ತುಂಬಿಕೊಂಡು, ಮತ್ತೆ ಅದೇ ಕತ್ತಲಿಗೆ ಇಟ್ಟು ಮೊಳೆ ಹೊಡೆದಿದ್ದಳು. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು.

“ಹೋಗ್ಬೇಡ,” ಎಂದಳು. “ಇಳೀಬೇಡ ಬೇಕಾದ್ರೆ. ಆದ್ರೆ ಹೋಗ್ಬೇಡ. ಇಲ್ಲೇ ಇರು, ಒಂದು ಗಳಿಗೆ.”

ಬರಿಗಾಲಲ್ಲೇ ವಾಪಸು ಓಡಿ, ಕಿಟಕಿಯ ಫ್ರೇಮನ್ನು ಎತ್ತಿ ತಂದು, ಅಂಗಡಿಯೊಳಗೆ ಹೋಗದೆ ಎಲ್ಲರ ಕಣ್ಣೆದುರು ಮೆಟ್ಟಿಲ ಮೇಲೆ ಕುಳಿತಳು. ಮೊಳೆಗಳನ್ನು ಕಿತ್ತು ಕಿತ್ತು ಬೀದಿಗೆ ಎಸೆದಳು.

“ಅಕ್ಕಾ,” ಬೇಕರಿಯವರು ಮೆಲ್ಲಗೆ ಕೆಮ್ಮಿದರು, “ನನ್ನ ಜಲಪಾತ...”

“ನಿಮ್ಮ ಜಲಪಾತ ಎಲ್ಲೂ ಹರಿದು ಹೋಗಲ್ಲ! ಸುಮ್ನೆ ನಿಂತಿರೋ ಬದಲು ಈ ಗಾಜು ಹಿಡೀರಿ. ಬೆರಳಚ್ಚು ಬೀಳದ ಹಾಗೆ, ಅಂಚು ಹಿಡೀರಿ!”

ಬೇಕರಿಯವರು ಗಾಜಿನ ಅಂಚು ಹಿಡಿದು ನಿಂತರು. ಟೀಚರ್ ಕೇಳದೆಯೇ ಕರ್ಚೀಫು ತೆಗೆದು ಕಿಟಕಿಯ ಗಾಜಿನಲ್ಲಿ ಉಳಿದಿದ್ದ ಕೆಂಪು ಪೇಂಟಿನ ಚೂರನ್ನು ಉಜ್ಜತೊಡಗಿದರು. ಫ್ರೇಮಕ್ಕ ಎರಡೂ ಫೋಟೋಗಳನ್ನು ಹೊರಗೆಳೆದಳು. ಹೊಸದನ್ನು ಗಾಜಿಗೆ ಒತ್ತಿದಳು. ಅಳಿಯನನ್ನು ಕೈಯಲ್ಲಿ ಹಿಡಿದು, ಅಭ್ಯಾಸದಿಂದ ಅದರ ಬೆನ್ನಿಗೆ ಇಡಹೋಗಿ, ನಿಂತಳು.

“ಇವನನ್ನ ಏನ್ ಮಾಡ್ಲಿ?”

“ಹಿಂದೆ ಮಾತ್ರ ಬೇಡ,” ಎಂದಿತು ತಲೆಯ ಮೇಲಿಂದ ಒಂದು ದನಿ. ಪುಟ್ಟು ಕಾರಿಂದಿಳಿದು ಬಂದಿದ್ದಳು. “ಬೇರೆ ಫ್ರೇಮು ಹಾಕಿ ಮನೆ ಒಳಗೆಲ್ಲಾದ್ರೂ ಹಾಕು. ಪಾಪ, ದುಡಿದು ಹಾಕಿದಾನೆ.”

ಬೇಕರಿಯವರು ಗಾಜು ಹಿಡಿದಂತೆಯೇ ಫ್ರೇಮಕ್ಕನನ್ನು ನೋಡಿದರು, ಮೇಜಿನ ಮೇಲಿದ್ದ ತಮ್ಮ ಜಲಪಾತವನ್ನು ನೋಡಿದರು. ನಿಧಾನವಾಗಿ ಅವರಿಗೆ ಹೊಳೆಯಿತು. “ಅಕ್ಕಾ, ನನ್ನದರ ಹಿಂದೇನೂ...?”

“ಇದೆ.”

“ಎಲ್ಲರ ಮನೇದರ ಹಿಂದೇನೂ?”

“ಇದೆ ಅಂದ್ನಲ್ಲ!”

“ಅಯ್ಯೋ ಅಕ್ಕಾ,” ಎಂದಳು ಪುಟ್ಟು. ಅವಳಿಗೆ ಈಗ ನಿಜವಾಗಿಯೂ ರೇಗಿತ್ತು. “ಬೇಡ ಅಂದವರ ಮನೇಲಿ ನಾನು ಬಚ್ಚಿಟ್ಕೊಂಡು ಇರ್ಬೇಕಾ? ಎಲ್ಲ ತೆಗೆದು ಅವರವರ ಕೈಗೇ ಕೊಡು. ಏನ್ ಮಾಡ್ಕೋತಾರೋ ಮಾಡ್ಕೊಳ್ಳಲಿ.”

“ಅಷ್ಟೂ ಮೊಳೆ ಮತ್ತೆ ಕೀಳ್ಬೇಕಾ ನಾನು?”

“ಕೀಳು.”

ಫ್ರೇಮಕ್ಕ ಗೊಣಗುತ್ತ ಬೇಕರಿಯವರ ಕೈಯಿಂದ ಗಾಜು ತೆಗೆದುಕೊಂಡು ಹೊಸ ಫೋಟೋವನ್ನು ಫ್ರೇಮಿಗೆ ಕೂರಿಸಿ, ಮೊದಲು ಅವರದನ್ನೇ ಬಿಚ್ಚಿದಳು. ಬೆನ್ನಿಗೆ ಬರೀ ರಟ್ಟು ಹಾಕಿ ಜಲಪಾತವನ್ನು ಒಂದು ಕೈಗೆ ಕೊಟ್ಟಳು, ಅಳಿಯನನ್ನು ಸುರುಳಿ ಸುತ್ತಿ ಇನ್ನೊಂದು ಕೈಗೆ. ಬೇಕರಿಯವರು ಹೋಗಲೂ ಇಲ್ಲ, ನಿಲ್ಲಲೂ ಇಲ್ಲ. ಸುರುಳಿಯನ್ನು ನೋಡಿದರು, ಎದುರಿಗೆ ನೀಲಿ ಅಂಗಿಯಲ್ಲಿ ನಿಂತವಳನ್ನು ನೋಡಿದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು.

“ಇವತ್ತು... ಬಹಳ ಸೆಕೆ,” ಎಂದರು.

“ಹೌದು,” ಎಂದಳು ಪುಟ್ಟು. “ಕಾರಲ್ಲಂತೂ ಬೆಂದುಹೋದೆ.”

ಫ್ರೇಮಕ್ಕ ಹೊಸ ಫೋಟೋವನ್ನು ಕಿಟಕಿಯಲ್ಲಿ ನಿಲ್ಲಿಸಿ, ಬೀದಿಗಿಳಿದು, ದೂರದಿಂದ ನೋಡಿದಳು. ಸೊಟ್ಟ ಹಲ್ಲು ಬೆಂಚಿನ ತನಕ ಕಾಣುತ್ತಿತ್ತು. ಬೆಂಚಿನಲ್ಲಿ ಯಾರೋ ನಕ್ಕರು. ನಗಲಿ, ಹಾಳಾಗಿ ಹೋಗಲಿ, ಬ್ಲೇಡು ಡ್ರಾಯರಿನಲ್ಲೇ ಇದೆ.

“ಊಟ ಆಯ್ತಾ?” ಎಂದು ಅವಳು ತಿರುಗದೆಯೇ ಕೇಳಿದಳು.

“ನಿನ್ನ ಮನೆಗೆ ಯಾರಾದ್ರೂ ಉಂಡ್ಕೊಂಡು ಬರ್ತಾರಾ?” ಎಂದು ಪುಟ್ಟು, ಯಾರ ಮುಖವನ್ನೂ ನೋಡದೆ, ಬಾಗಿಲಲ್ಲಿ ನಿಲ್ಲದೆ, ಒಳಗೆ ಹೋದಳು.